ಬಿರಿಯುವ ಮುನ್ನ

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬಹುದು. ಚಳಿಗಾಲದ ಮುಂಜಾನೆ ಹಮಾಲರ ಕೈಯಿಂದ ಜಾರಿದ ಬೆಲ್ಲದ ಪೆಂಟಿ ಕಲ್ಲುನೆಲಕ್ಕೆ ಬಿದ್ದೊಡನೆ ಹೋಳಾಗುತ್ತದೆ. ಹೋಳಿನ ಅಂಚು ಹರಿತವಾಗಿ, ಒಡೆದ ಗಾಜಿನಂತೆ ಮಿನುಗುತ್ತದೆ. ಅದೇ ಬೆಲ್ಲ ಮಳೆಗಾಲದಲ್ಲಿ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡರೆ, ಮೇಲಿನ ಭಾರ ಎಷ್ಟೇ ಇರಲಿ, ಒಡೆಯುವುದಿಲ್ಲ. ವಾರದಿಂದ ವಾರಕ್ಕೆ ಮೆಲ್ಲನೆ ಕುಸಿಯುತ್ತದೆ, ಬದಿಗೆ ಉಬ್ಬುತ್ತದೆ, ಪಕ್ಕದ ಪೆಂಟಿಗೆ ಅಂಟಿಕೊಳ್ಳುತ್ತದೆ. ಇದರ ಗುಟ್ಟೇನೆಂದು ಒಮ್ಮೆ ಅಲ್ಲಿಯ ಹಿರಿಯರೊಬ್ಬರನ್ನು ಕೇಳಿದ್ದೆ. ಅವರು ನನ್ನ ಅಜ್ಞಾನಕ್ಕೆ ನಕ್ಕು, “ಮೆಲ್ಲಕ ಒತ್ತಿದ್ರ ಕುಂದರತೈತಿ, ಒಮ್ಮಿಗೇ ಹೊಡದ್ರ ಒಡೀತೈತಿ. ಅದ್ರಾಗ ಏನೈತ್ರಿ ಗುಟ್ಟು?” ಎಂದರು.

ಅದರಲ್ಲಿ ಗುಟ್ಟು ಬಹಳವೇ ಇದೆ. ಆಕಾಶಕ್ಕೆ ಏರುವ ರಾಕೆಟ್ಟಿನ ಹೊಟ್ಟೆಯಲ್ಲಿ ತುಂಬಿರುವ ಘನ ಇಂಧನವು ಯಾವಾಗ ಬಾಗುತ್ತದೆ, ಯಾವಾಗ ಬಿರಿಯುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಎಂಟು ದಶಕಗಳಿಂದ ಹುಡುಕುತ್ತಿರುವ ಉತ್ತರದ ಅರ್ಧ ಭಾಗ ಆ ಹಿರಿಯರ ಮಾತಿನಲ್ಲಿಯೇ ಅಡಗಿದೆ. ಉಳಿದ ಅರ್ಧವನ್ನು ವಿವರಿಸುವುದು ಇಂದಿನ ನನ್ನ ಕೆಲಸ.

ಮೊದಲು ಬೆಲ್ಲವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಬೆಲ್ಲ ಒಂದೇ ಪದಾರ್ಥದಂತೆ ತೋರಿದರೂ ಅದು ಎರಡರ ಕೂಟ. ಸಕ್ಕರೆಯ ಸಣ್ಣ ಸಣ್ಣ ಹರಳುಗಳು ಒಂದು ಕಡೆ. ಹರಳುಗಟ್ಟದೆ ಉಳಿದ ಅಂಟುಪಾಕ ಇನ್ನೊಂದು ಕಡೆ. ಹರಳುಗಳು ಕಲ್ಲಿನ ಹಾಗೆ ಗಟ್ಟಿ. ಪಾಕ ಅವುಗಳ ನಡುವೆ ಸೇರಿಕೊಂಡು ಎಲ್ಲವನ್ನೂ ಹಿಡಿದಿಡುತ್ತದೆ. ಬೆಲ್ಲದ ಗುಣವೆಲ್ಲ ಈ ಪಾಕದ್ದು. ಚಳಿಯಲ್ಲಿ ಪಾಕ ಬಿಗಿಯುತ್ತದೆ, ಸೆಕೆಯಲ್ಲಿ ಸಡಿಲುತ್ತದೆ, ತೇವ ಹೀರಿದರೆ ಸೋಲುತ್ತದೆ.

ಇಂದಿನ ಘನ ನೋದಕದ ರಚನೆಯೂ ಇದೇ ಬಗೆಯದು. ‘ನೋದಕ’ವೆಂದರೆ ರಾಕೆಟ್ಟನ್ನು ನೂಕುವ ಪದಾರ್ಥ. ಅದರಲ್ಲಿ ಹರಳುಗಳ ಸ್ಥಾನದಲ್ಲಿ ಅಮೋನಿಯಂ ಪರ್‌ಕ್ಲೋರೇಟ್ ಎಂಬ ಲವಣವಿದೆ. ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಒದಗಿಸುವುದು ಇದೇ. ಜೊತೆಗೆ ಅಲ್ಯುಮಿನಿಯಂ ಪುಡಿ. ಇವೆರಡೂ ಸೇರಿ ಒಟ್ಟು ತೂಕದ ನೂರಕ್ಕೆ ಎಂಬತ್ತೈದು ಪಾಲಿನಷ್ಟಾಗುತ್ತವೆ. ಉಳಿದ ಹದಿನೈದು ಪಾಲು ಒಂದು ಬಗೆಯ ರಬ್ಬರು. ಭಾರತದ ದೊಡ್ಡ ರಾಕೆಟ್ಟುಗಳಲ್ಲಿ ಬಳಸುವ ರಬ್ಬರಿನ ಹೆಸರು ನಾಲಗೆ ತಿರುಚುವಂಥದು: ಹೈಡ್ರಾಕ್ಸಿಲ್ ತುದಿಯ ಪಾಲಿಬ್ಯೂಟಡೈಯೀನ್. ವಿಜ್ಞಾನಿಗಳೂ ಅದನ್ನು ಉಚ್ಚರಿಸಲಾರದೆ ಎಚ್‌ಟಿಪಿಬಿ ಎಂದು ಮೊಟಕು ಮಾಡಿಕೊಂಡಿದ್ದಾರೆ. ನಮ್ಮ ಕಡೆಯ ಹೊಲಗಳ ಬದುವಿನಲ್ಲಿ ಬೆಳೆಯುವ ಔಡಲದ ಎಣ್ಣೆಯನ್ನು ಆಧರಿಸಿದ ‘ಇಸ್ರೋ ಪಾಲಿಯಾಲ್’ ಎಂಬ ಬಂಧಕವನ್ನೂ ಭಾರತದ ರಸಾಯನಜ್ಞರು ರೂಪಿಸಿದ್ದುಂಟು.

ತಯಾರಿಸುವ ಕ್ರಮವನ್ನು ಕಂಡರೆ ಗಾಣದ ಮನೆ ನೆನಪಾಗುತ್ತದೆ. ರಬ್ಬರು ಇನ್ನೂ ದ್ರವವಾಗಿರುವಾಗಲೇ ಹರಳು, ಪುಡಿಗಳನ್ನು ಅದರಲ್ಲಿ ಕಲಸಿ ಹದವಾದ ಹಿಟ್ಟಿನಂತೆ ಮಾಡುತ್ತಾರೆ. ಗಾಳಿಯ ಗುಳ್ಳೆ ಉಳಿಯದಂತೆ ನಿರ್ವಾತದಲ್ಲಿ ಅದನ್ನು ಉಕ್ಕಿನ ಕವಚದೊಳಕ್ಕೆ ಎರೆಯುತ್ತಾರೆ. ನಡುವೆ ಒಂದು ಅಚ್ಚು ನಿಂತಿರುತ್ತದೆ. ಅದನ್ನು ಆಮೇಲೆ ಹೊರಗೆಳೆದಾಗ ಉದ್ದಕ್ಕೂ ಒಂದು ನಡುಗೊಳವೆ ಉಳಿಯುತ್ತದೆ. ಎರೆದದ್ದನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ದಿನ ಇಟ್ಟರೆ ಹಿಟ್ಟು ಮಾಗಿ ರಬ್ಬರಾಗುತ್ತದೆ. ಕೈಯಲ್ಲಿ ಒತ್ತಿ ನೋಡಿದರೆ ಪೆನ್ಸಿಲ್ ಗೆರೆ ಅಳಿಸುವ ರಬ್ಬರಿನ ತುಂಡಿನಂತೆ ತೋರುವ ಈ ಪದಾರ್ಥ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದಲ್ಲಿ ಸುಮಾರು 139 ಟನ್ನಿನಷ್ಟಿದೆ. ಆ ಹಂತದ ಅಡ್ಡಳತೆ 2.8 ಮೀಟರು, ಐದು ತುಂಡುಗಳಾಗಿ ಎರೆದು ಜೋಡಿಸಿದ್ದು. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾಯರು ಇಸ್ರೋದ ಅಧ್ಯಕ್ಷರಾಗಿದ್ದಾಗ, 1989ರಲ್ಲಿ, ಅದನ್ನು ಮೊದಲ ಬಾರಿಗೆ ನೆಲದ ಮೇಲೆಯೇ ಬಿಗಿದು ಉರಿಸಿ ಪರೀಕ್ಷಿಸಲಾಯಿತು.

ಇಷ್ಟು ದೊಡ್ಡ ರಬ್ಬರಿನ ಗಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಏನಾದೀತು ಎಂದು ನೀವು ಕೇಳಬಹುದು. ಗೋಡೆಯ ಬಿರುಕು ಮಳೆನೀರನ್ನು ಒಳಗೆ ಬಿಡುತ್ತದೆ. ಇಲ್ಲಿಯ ಬಿರುಕು ಬೆಂಕಿಯನ್ನು ಒಳಗೆ ಬಿಡುತ್ತದೆ. ಘನ ನೋದಕವು ತನ್ನ ಮೈಯ ಮೇಲೆ ಮಾತ್ರ ಉರಿಯುತ್ತದೆ. ಉರಿ ಪದರಪದರವಾಗಿ, ಸೆಕೆಂಡಿಗೆ ಕೆಲವೇ ಮಿಲಿಮೀಟರು ಹಿಂದೆ ಸರಿಯುತ್ತದೆ. ಎಷ್ಟು ಮೈ ಬಯಲಾಗಿದೆಯೋ ಅಷ್ಟು ಅನಿಲ ಹುಟ್ಟುತ್ತದೆ. ಒಂದು ಕೊರಡನ್ನು ಒಲೆಗೆ ಇಟ್ಟರೆ ರಾತ್ರಿಯೆಲ್ಲ ಹೊಗೆಯಾಡೀತು. ಅದನ್ನೇ ಸಿಗಿದು ಚಕ್ಕೆ ಮಾಡಿ ಇಟ್ಟರೆ ಒಂದು ಗಳಿಗೆಯಲ್ಲಿ ಭುಗಿಲೆದ್ದು ಮುಗಿದೀತು. ಬಿರುಕೆಂದರೆ ಬೇಡದ ಕಡೆ ಸಿಗಿದ ಕೊರಡು. ಅದರ ಎರಡು ಗೋಡೆಗಳೂ ಹೊಸದಾಗಿ ಉರಿಗೆ ಮೈಯೊಡ್ಡುತ್ತವೆ. ಕಷ್ಟ ಅಷ್ಟಕ್ಕೇ ನಿಲ್ಲದು. ಒಳಗಿನ ಒತ್ತಡ ಏರಿದಂತೆ ಉರಿಯ ವೇಗವೂ ಏರುತ್ತದೆ. ಆದ್ದರಿಂದ ಉರಿಯುವ ಮೈ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಒತ್ತಡ ಹದಿನೈದರಷ್ಟು ಹೆಚ್ಚಬಹುದು. ಕವಚ ತಡೆಯುವ ಎಲ್ಲೆಯನ್ನು ಅದು ಮೀರಿತೋ, ರಾಕೆಟ್ಟು ಸಿಡಿಗುಂಡಾಗುತ್ತದೆ.

ಹೈದರನ ಮತ್ತು ಟೀಪುವಿನ ಕಾಲದ ನಮ್ಮ ಬಾಣಗಾರರಿಗೂ ಈ ಎಲ್ಲೆಯ ಅರಿವು ಇದ್ದಿರಲೇಬೇಕು. ಬಿದಿರು, ಕಾಗದಗಳನ್ನು ಬಿಟ್ಟು ಅವರು ಕಬ್ಬಿಣದ ಕೊಳವೆಗೆ ಕೈಹಾಕಿದ್ದೇ ಹೆಚ್ಚಿನ ಒತ್ತಡವನ್ನು ತಡೆಯಲೆಂದು. 1780ರಲ್ಲಿ ಪೊಲ್ಲಿಲೂರಿನ ಕದನದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ ಆ ಬಾಣಗಳ ಮಾದರಿಯನ್ನೇ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತಿದ್ದಿ ಬೆಳೆಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕಿ ಇಂಥ ಕಬ್ಬಿಣದ ಕೊಳವೆಗಳು ಹೊರಬಂದವು. ಅವುಗಳೊಳಗೆ ತುರುಕುತ್ತಿದ್ದುದು ಕರಿಮದ್ದು. ಅದನ್ನು ಎಷ್ಟೇ ಬಿಗಿಯಾಗಿ ಜಡಿದರೂ ಅದು ಒಣಮಣ್ಣಿನ ಹೆಂಟೆಯೇ ಸರಿ, ಬಾಗಲಾರದು, ಬಿರಿಯಬಲ್ಲದು.

ಈ ದೋಷದ ಬೆಲೆಯೆಷ್ಟೆಂಬುದು 1941ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪಷ್ಟವಾಯಿತು. ವಿಮಾನಗಳು ಬೇಗ ಮೇಲೇರಲು ನೆರವಾಗುವ ಸಣ್ಣ ರಾಕೆಟ್ಟುಗಳನ್ನು ಫ್ರಾಂಕ್ ಮಲೀನಾ ಮತ್ತು ಜಾನ್ ಪಾರ್ಸನ್ಸ್ ಎಂಬವರ ಗುಂಪು ತಯಾರಿಸುತ್ತಿತ್ತು. ಒತ್ತಿ ತುಂಬಿದ ಮದ್ದನ್ನು ಆ ಕೂಡಲೆ ಉರಿಸಿದರೆ ಎಲ್ಲವೂ ಸರಿ. ಹಗಲಿನ ಬಿಸಿಲು, ಇರುಳಿನ ಚಳಿಯಲ್ಲಿ ಕೆಲವು ದಿನ ಇಟ್ಟು ಉರಿಸಿದರೆ ಸಿಡಿತ! ಹಿಗ್ಗಿ ಕುಗ್ಗಿದ ಮದ್ದು ಒಳಗೇ ಬಿರಿದು, ಕವಚದ ಗೋಡೆಯಿಂದ ಬಿಟ್ಟುಕೊಳ್ಳುತ್ತಿತ್ತು. 1942ರಲ್ಲಿ ಪಾರ್ಸನ್ಸ್ ಒಂದು ದಾರಿ ಕಂಡ: ಕಾಯಿಸಿದ ಡಾಂಬರಿನಲ್ಲಿ ಲವಣವನ್ನು ಕಲಸಿ ಎರೆದುಬಿಟ್ಟ. ಬಿರುಕಿನ ಕಾಟ ಬಹಳಮಟ್ಟಿಗೆ ತಗ್ಗಿತು, ಹೊಸ ಕಾಟವೊಂದು ಬಂತು. ಡಾಂಬರು ನಮ್ಮ ಬೆಲ್ಲದ ಜಾತಿಯದು. ಬಿಸಿಲಿಗೆ ಇಟ್ಟರೆ ಹರಿದು ಆಕಾರಗೆಡುತ್ತದೆ, ಕೊರೆಯುವ ಚಳಿಯಲ್ಲಿ ಚಟ್ಟನೆ ಒಡೆಯುತ್ತದೆ. ಯುದ್ಧ ಮುಗಿಯುವ ಹೊತ್ತಿಗೆ ಅದೇ ಪ್ರಯೋಗಾಲಯದ ಚಾರ್ಲ್ಸ್ ಬಾರ್ಟ್‌ಲಿ ಎಂಬಾತ ಡಾಂಬರನ್ನು ಕೈಬಿಟ್ಟು ಕೃತಕ ರಬ್ಬರನ್ನು ತಂದ. ಇಂದಿನ ಎಲ್ಲ ದೊಡ್ಡ ಘನ ರಾಕೆಟ್ಟುಗಳೂ ಆ ದಾರಿಯ ಪಯಣಿಗರೇ.

ಡಾಂಬರಿಗೂ ರಬ್ಬರಿಗೂ ಏನು ಭೇದ? ರಬ್ಬರು ಪಾಲಿಮರ್, ಅಂದರೆ ಸಾವಿರಾರು ಕೊಂಡಿಗಳ ಉದ್ದುದ್ದ ಸರಪಳಿಯಂಥ ಅಣುಗಳ ಗೋಜಲು. ಗೋಜಲಿನ ಎಳೆಗಳು ಒಂದರ ಮೇಲೊಂದು ಜಾರಬಲ್ಲವು. ಆದರೆ ಮಾಗುವಾಗ ಅಲ್ಲಲ್ಲಿ ಎಳೆಗೂ ಎಳೆಗೂ ಗಂಟು ಬಿದ್ದು ಎಲ್ಲವೂ ಸೇರಿ ಒಂದು ಬಲೆಯಾಗಿರುತ್ತದೆ. ಎಳೆದರೆ ಮುದುಡಿದ ಎಳೆಗಳು ನೀಳವಾಗುತ್ತವೆ. ಬಿಟ್ಟರೆ ಗಂಟುಗಳು ಅವುಗಳನ್ನು ಮತ್ತೆ ತಮ್ಮ ತಮ್ಮ ಸ್ಥಾನಕ್ಕೆ ಕರೆಯುತ್ತವೆ. ಬೆಲ್ಲ ತನ್ನ ಹಳೆಯ ಆಕಾರವನ್ನು ಮರೆಯುತ್ತದೆ, ರಬ್ಬರು ನೆನಪಿಟ್ಟುಕೊಂಡಿರುತ್ತದೆ. ಆದರೂ ರಬ್ಬರಿನ ಉತ್ತರ ಒಡನೆಯೇ ಬರುವುದಿಲ್ಲ. ಎಳೆಗಳು ಜಾರುವುದಕ್ಕೆ, ಬಿಡಿಸಿಕೊಳ್ಳುವುದಕ್ಕೆ ಕಾಲ ಬೇಕು. ಅವಕಾಶ ಕೊಟ್ಟರೆ ಮಿದುವಾಗಿ ಮಣಿಯುತ್ತದೆ, ಅವಸರ ಮಾಡಿದರೆ ಬಿಗಿದು ನಿಲ್ಲುತ್ತದೆ. ಸ್ವಲ್ಪ ಸ್ಪ್ರಿಂಗಿನ ಗುಣ, ಸ್ವಲ್ಪ ಜೇನಿನ ಗುಣ. ಶಾಸ್ತ್ರದಲ್ಲಿ ಇದನ್ನು ಸ್ನಿಗ್ಧಸ್ಥಿತಿಸ್ಥಾಪಕತೆ ಎನ್ನುತ್ತಾರೆ. ಹೆಸರು ಭಾರವಾದರೂ ಪೇಟೆಯ ಹಿರಿಯರ ಮಾತಿಗಿಂತ ಹೆಚ್ಚಿನದನ್ನೇನೂ ಅದು ಹೇಳುತ್ತಿಲ್ಲ.

ಈಗ, ರಾಕೆಟ್ಟಿನೊಳಗೆ ಕುಳಿತ ಈ ರಬ್ಬರಿನ ಪಾಡನ್ನು ನೋಡಿ. ಅದನ್ನು ಪೀಡಿಸುವ ಬಲಗಳು ಮುಖ್ಯವಾಗಿ ಮೂರು, ಮೂರರ ನಡಿಗೆಯೂ ಬೇರೆ ಬೇರೆ. ಮಾಗಿದ ಗಟ್ಟಿ ತಣ್ಣಗಾಗುವಾಗ ಕುಗ್ಗಬೇಕು. ನೋದಕವು ಉಕ್ಕಿಗಿಂತ ಎಂಟು-ಹತ್ತು ಪಟ್ಟು ಹೆಚ್ಚು ಕುಗ್ಗುವ ಪದಾರ್ಥ. ಆದರೆ ಅದರ ಹೊರಮೈಯನ್ನು ಉಕ್ಕಿನ ಕವಚಕ್ಕೆ ಅಂಟಿಸಿಬಿಟ್ಟಿದೆ. ಹೊರಗಿನಿಂದ ಒಳಕ್ಕೆ ಸರಿಯಲಾರದ ಗಟ್ಟಿ ಒಳಗಿನಿಂದ ಹೊರಕ್ಕೆ ಸರಿಯುತ್ತದೆ. ಎಂದರೆ ನಡುಗೊಳವೆ ಅಗಲವಾಗುತ್ತದೆ. ಇಡೀ ಗಟ್ಟಿಯ ಕುಗ್ಗುವಿಕೆಯ ಸಾಲವನ್ನು ಆ ಕೊಳವೆಯ ಗೋಡೆಯೊಂದೇ ತೀರಿಸಬೇಕು. ಮೂವತ್ತು ಡಿಗ್ರಿ ತಣಿದರೆ ಗಟ್ಟಿಯ ಕುಗ್ಗು ಸಾವಿರಕ್ಕೆ ಮೂರರಷ್ಟು ಮಾತ್ರ. ಕೊಳವೆಯ ಗೋಡೆಯ ಹಿಗ್ಗು ಅದರ ಹತ್ತು ಪಟ್ಟನ್ನೂ ಮೀರಬಹುದು. ಹೀಗೆ ಎರೆದ ವಾರದಿಂದ ಉರಿಯುವ ದಿನದವರೆಗೂ ಆ ಗೋಡೆ ಎಳೆದು ಹಿಡಿದ ಸ್ಥಿತಿಯಲ್ಲೇ ಬಾಳುತ್ತದೆ. ಇದು ಮೊದಲನೆಯದು. ಎರಡನೆಯದು ತನ್ನದೇ ಭಾರ. ತಿಂಗಳುಗಟ್ಟಲೆ ಕಾಯ್ದಿಟ್ಟಾಗ ಟನ್ನುಗಟ್ಟಲೆ ರಬ್ಬರು ರಾಶಿಯಡಿಯ ಪೆಂಟಿಯಂತೆ ಮೆಲ್ಲಗೆ ಜೋಲುತ್ತದೆ. ಮೂರನೆಯದು ಉರಿ ಹೊತ್ತುವ ಗಳಿಗೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 50ರಿಂದ 60 ಕಿಲೋಗ್ರಾಮಿನ ಒತ್ತಡ ಬೀಳುತ್ತದೆ. ಕವಚ ತುಸು ಉಬ್ಬುತ್ತದೆ, ಅದನ್ನು ಹಿಂಬಾಲಿಸಿ ರಬ್ಬರೂ ಉಬ್ಬಬೇಕು. ವಾರಗಳ, ತಿಂಗಳುಗಳ, ಅರೆಗಳಿಗೆಯ ಈ ಪ್ರಶ್ನೆಗಳಿಗೆಲ್ಲ ಒಂದೇ ಪದಾರ್ಥ ಉತ್ತರ ಕೊಡಬೇಕಾಗಿದೆ.

ಉತ್ತರ ಕೊಡುವಾಗ ಅದರ ಒಳಗೆ ನಡೆಯುವುದೇನು? ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ ಇದು. ನೋದಕದ ಒಂದು ಪಟ್ಟಿಯನ್ನು ಎರಡು ತುದಿ ಹಿಡಿದು ಯಂತ್ರದಲ್ಲಿ ನಿಧಾನವಾಗಿ ಎಳೆಯುತ್ತಾರೆನ್ನಿ. ಮೊದಮೊದಲು ಎಲ್ಲವೂ ನೇರ ವ್ಯವಹಾರ: ಎರಡರಷ್ಟು ಎಳೆದರೆ ಎರಡರಷ್ಟು ಹಿಗ್ಗು. ಆದರೆ ಹಿಗ್ಗುತ್ತಿರುವುದು ಯಾವುದು? ಹರಳುಗಳಂತೂ ಅಲ್ಲ. ಒಂದು ಮಣಿಸರವನ್ನು ನೆನೆಯಿರಿ. ದಾರ ರಬ್ಬರಿನದು, ಸರದ ಹತ್ತು ಬೆರಳುದ್ದದಲ್ಲಿ ಒಂಬತ್ತು ಬೆರಳು ಮಣಿಗಳೇ ತುಂಬಿವೆ, ಬರಿದಾರ ಒಂದು ಬೆರಳು ಮಾತ್ರ. ಸರವನ್ನು ಒಂದು ಬೆರಳು ಹಿಗ್ಗಿಸಿದರೆ ಸರಕ್ಕದು ಹತ್ತರಲ್ಲಿ ಒಂದು ಪಾಲು. ಮಣಿಗಳ ನಡುವಿನ ದಾರಕ್ಕೆ ಅದು ಇಮ್ಮಡಿ. ನೋದಕದಲ್ಲಿಯೂ ಹೊರಗೆ ಕಾಣುವ ಅಲ್ಪ ಹಿಗ್ಗು ಒಳಗಿನ ತೆಳ್ಳನೆಯ ರಬ್ಬರು ಪೊರೆಗಳಿಗೆ ಮಹಾ ಹಿಂಸೆ. ಹೀಗೆ ಹಿಂಸೆಗೊಂಡ ರಬ್ಬರು ಹರಳಿನ ಮೈಯನ್ನು ಬಿಟ್ಟುಕೊಡತೊಡಗುತ್ತದೆ.

ಎಲ್ಲ ಹರಳುಗಳೂ ಒಟ್ಟಿಗೆ ಬಿಡುವುದಿಲ್ಲ. ದೊಡ್ಡ ಹರಳುಗಳು ಮೊದಲು. ಅದರಲ್ಲಿಯೂ ಎಳೆತದ ದಿಕ್ಕಿಗೆ ಎದುರಾದ ಎರಡು ತುದಿಗಳಲ್ಲಿ ಅಂಟು ಮೊದಲು ಬಿಡುತ್ತದೆ. ಬಿಟ್ಟ ಜಾಗದಲ್ಲಿ ಒಂದು ಪೊಳ್ಳು ಹುಟ್ಟುತ್ತದೆ, ಎಳೆದಷ್ಟೂ ಅದು ನೀಳವಾಗುತ್ತದೆ. ಆ ಹರಳು ಈಗ ಭಾರ ಹೊರುವುದನ್ನು ಬಿಟ್ಟಿತು. ಅದರ ಪಾಲಿನ ಹೊರೆ ಅಕ್ಕಪಕ್ಕದವುಗಳ ಮೇಲೆ ಬಿತ್ತು. ಅವೂ ಒಂದೊಂದಾಗಿ ಬಿಡುತ್ತವೆ. ಹೊರಗಿನಿಂದ ನೋಡುವವನಿಗೆ ಎರಡು ಗುರುತುಗಳು ಸಿಗುತ್ತವೆ. ಯಂತ್ರದ ಮುಳ್ಳು ಮೊದಲಿನಷ್ಟು ಚುರುಕಾಗಿ ಏರದೆ ಮಂದವಾಗುತ್ತದೆ. ಎಂದರೆ ಪಟ್ಟಿ ಹೆಚ್ಚು ಎಳೆತ ಕೇಳದೆಯೇ ಹಿಗ್ಗುತ್ತಿದೆ. ಜೊತೆಗೆ ಪಟ್ಟಿಯ ಗಾತ್ರವೇ ಬೆಳೆಯುತ್ತದೆ. ಒಳ್ಳೆಯ ರಬ್ಬರನ್ನು ಎಳೆದರೆ ಉದ್ದವಾದಷ್ಟೂ ತೆಳುವಾಗುತ್ತದೆ, ಒಟ್ಟು ಗಾತ್ರ ಬದಲಾಗುವುದಿಲ್ಲ. ಇಲ್ಲಿ ಗಾತ್ರ ಹೆಚ್ಚಿತೆಂದರೆ ಒಳಗೆ ಬರಿಯ ಬಯಲು ಸೇರಿಕೊಂಡಿತೆಂದೇ ಲೆಕ್ಕ. ಎಷ್ಟು ಹೆಚ್ಚಿತೆಂದು ಅಳೆದರೆ ಎಷ್ಟು ಹರಳುಗಳು ಕೈಬಿಟ್ಟವೆಂಬುದರ ಅಂದಾಜು ಸಿಗುತ್ತದೆ. ಬಿರುಕು ಇನ್ನೂ ಎಲ್ಲಿಯೂ ಇಲ್ಲ. ಕಣ್ಣಿಗೆ ಕಾಣುವ ಹಾನಿ ಏನೂ ಇಲ್ಲ. ಆದರೂ ಪದಾರ್ಥ ಮೊದಲಿನದಲ್ಲ.

ಎಳೆದುದನ್ನು ಬಿಟ್ಟರೆ ಪಟ್ಟಿ ಬಹುಮಟ್ಟಿಗೆ ಹಳೆಯ ಉದ್ದಕ್ಕೆ ಮರಳುತ್ತದೆ, ಪೊಳ್ಳುಗಳು ಮುಚ್ಚುತ್ತವೆ. ಬೆಚ್ಚಗಿನ ಜಾಗದಲ್ಲಿ ವಿಶ್ರಾಂತಿ ಕೊಟ್ಟರೆ ಅಂಟು ಒಂದಿಷ್ಟು ಮತ್ತೆ ಕೂಡುವುದೂ ಉಂಟು. ಆದರೆ ಎರಡನೆಯ ಸಲ ಎಳೆದರೆ ಮೊದಲಿಗಿಂತ ಮಿದುವಾಗಿ ಸೋಲುತ್ತದೆ, ಹಿಂದಿನ ಸಲ ಮುಟ್ಟಿದ್ದ ಎಲ್ಲೆಯನ್ನು ದಾಟಿದ ಮೇಲಷ್ಟೆ ಹಳೆಯ ಬಿಗಿ ತೋರುತ್ತದೆ. ಪುಡಿ ಬೆರೆತ ಎಲ್ಲ ರಬ್ಬರುಗಳ ಸ್ವಭಾವವಿದು. ಅದನ್ನು ಆಳವಾಗಿ ಅಭ್ಯಸಿಸಿದ ಇಂಗ್ಲೆಂಡಿನ ಮಲಿನ್ಸ್ ಎಂಬಾತನ ಹೆಸರನ್ನೇ ಅದಕ್ಕೆ ಕೊಟ್ಟಿದ್ದಾರೆ. ತಾನು ಹಿಂದೆ ಎಷ್ಟು ನೊಂದಿದ್ದೆನೆಂಬುದನ್ನು ಪದಾರ್ಥ ಲೆಕ್ಕವಿಟ್ಟುಕೊಂಡಿರುತ್ತದೆ ಎನ್ನಬಹುದು, ಕವಿಗಳು ಕ್ಷಮಿಸುವುದಾದರೆ.

ಎಳೆತ ಇನ್ನೂ ಮುಂದುವರಿದರೆ ಒಂದೆಡೆಯ ಪೊಳ್ಳುಗಳು ಪಕ್ಕದ ಪೊಳ್ಳುಗಳೊಡನೆ ಕೂಡಿಕೊಂಡು ಬಿರುಕು ತಲೆ ಹಾಕುತ್ತದೆ. ಆಗಲೂ ಅದು ಗಾಜಿನ ಬಿರುಕಿನಂತೆ ಒಂದೇ ಏಟಿಗೆ ಓಡುವುದಿಲ್ಲ. ಬಿರುಕಿನ ಮೂತಿಯ ಮುಂದೆ ಹೊಸ ಪೊಳ್ಳುಗಳು ಏಳುತ್ತವೆ, ಅವುಗಳ ನಡುವೆ ರಬ್ಬರಿನ ನೂಲುಗಳು ಸೇತುವೆಯಂತೆ ಹಿಡಿದು ನಿಲ್ಲುತ್ತವೆ. ಚೂಪಾಗಿದ್ದ ಮೂತಿ ಮೊಂಡಾಗುತ್ತದೆ, ಬಿರುಕು ತಡೆದು ನಿಲ್ಲುತ್ತದೆ, ನೂಲುಗಳು ಹರಿದಾಗ ಒಂದು ಹೆಜ್ಜೆ ಮುಂದಿಡುತ್ತದೆ, ಮತ್ತೆ ಮೊಂಡಾಗುತ್ತದೆ. ಹೀಗೆ ನಿಂತು ನಿಂತು ನಡೆಯುವ ಬಿರುಕು ಒಳ್ಳೆಯ ನೋದಕದ ಲಕ್ಷಣ. ಬನಹಟ್ಟಿಯ ಮಗ್ಗದ ಮುಂದೆ ಕುಳಿತವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಾಸಿನ ಒಂದು ಎಳೆ ಕಡಿದೊಡನೆ ಸೀರೆಯೇ ಹರಿಯುವುದಿಲ್ಲ. ಪಕ್ಕದ ಎಳೆಗಳು ಹೊರೆಯನ್ನು ಹಂಚಿಕೊಂಡು ನೇಕಾರನಿಗೆ ಗಂಟು ಹಾಕಲು ಸಮಯ ಕೊಡುತ್ತವೆ.

ಈ ಸೌಮ್ಯ ನಡತೆಯೆಲ್ಲ ಚಳಿಯಲ್ಲಿ, ಅಥವಾ ಅವಸರದಲ್ಲಿ, ಕೆಡುತ್ತದೆ. 1955ರಲ್ಲಿ ವಿಲಿಯಮ್ಸ್, ಲ್ಯಾಂಡಲ್, ಫೆರಿ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳು ಪಾಲಿಮರುಗಳ ಬಗ್ಗೆ ಒಂದು ಬೆರಗಿನ ಸೂತ್ರವನ್ನು ಪ್ರಕಟಿಸಿದರು. ಅದರ ಪ್ರಕಾರ ಚಳಿಯೂ ವೇಗವೂ ಒಂದೇ ನಾಣ್ಯದ ಎರಡು ಮುದ್ರೆಗಳು. ಬೆಚ್ಚಗಿರುವ ರಬ್ಬರನ್ನು ಮಿಂಚಿನ ವೇಗದಲ್ಲಿ ಎಳೆದಾಗ ಏನಾಗುತ್ತದೋ, ತಣ್ಣಗಿರುವ ರಬ್ಬರನ್ನು ನಿಧಾನವಾಗಿ ಎಳೆದಾಗಲೂ ಅದೇ ಆಗುತ್ತದೆ. ಎಳೆಗಳು ಜಾರಲು ಹೊತ್ತು ಬೇಕು. ಚಳಿ ಆ ಹೊತ್ತನ್ನು ಉದ್ದ ಮಾಡುತ್ತದೆ, ಅವಸರ ಆ ಹೊತ್ತನ್ನೇ ಕೊಡುವುದಿಲ್ಲ. ಇದರಿಂದ ಎಂಜಿನಿಯರನಿಗೆ ಒಂದು ದೊಡ್ಡ ಉಪಕಾರವಾಯಿತು. ಹತ್ತು ವರ್ಷ ಕಾದು ನೋಡಬೇಕಾದ ಜೋಲುವಿಕೆಯನ್ನು ಶಾಖ ಹೆಚ್ಚಿಸಿ ಕೆಲವು ದಿನಗಳಲ್ಲಿ ನೋಡಬಹುದು. ಅಳೆಯಲಾಗದಷ್ಟು ವೇಗದ ಪೆಟ್ಟನ್ನು ಚಳಿಪೆಟ್ಟಿಗೆಯಲ್ಲಿ ಮೆಲ್ಲಗೆ ಎಳೆದು ತಿಳಿಯಬಹುದು. ಆದರೆ ಸೂತ್ರಕ್ಕೂ ಮಿತಿಯುಂಟು. ಹರಳುಗಳು ಅಂಟು ಬಿಡತೊಡಗಿದ ಮೇಲೆ ಲೆಕ್ಕ ಅಷ್ಟು ಸರಳವಾಗಿ ಉಳಿಯದು. ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ: ಸುತ್ತಲಿನಿಂದ ಅನಿಲದ ಒತ್ತಡ ಬಿದ್ದಾಗ ಪೊಳ್ಳುಗಳು ತೆರೆಯಲು ಹಿಂಜರಿಯುತ್ತವೆ, ಆದ್ದರಿಂದ ಉರಿಯುವ ರಾಕೆಟ್ಟಿನೊಳಗೆ ನೋದಕವು ಬಯಲಲ್ಲಿ ಎಳೆದಾಗಿಗಿಂತ ಗಟ್ಟಿಯಾಗಿ ವರ್ತಿಸುತ್ತದೆ.

ಚಳಿಯ ಮಾತು ಬಂದಾಗ ಚಾಲೆಂಜರನ್ನು ನೆನೆಯದೆ ಇರಲಾಗದು. 1986ರ ಜನವರಿ 28ರಂದು ಏಳು ಮಂದಿಯನ್ನು ಹೊತ್ತ ಆ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ನುಚ್ಚುನೂರಾಯಿತು. ತಪ್ಪಿದ್ದು ನೋದಕದ್ದಲ್ಲ; ಘನ ರಾಕೆಟ್ಟಿನ ತುಂಡುಗಳ ಕೀಲಿನಲ್ಲಿ ಕೂರಿಸಿದ್ದ ರಬ್ಬರು ಬಳೆಯದು. ಆದರೆ ನ್ಯಾಯ ಒಂದೇ. ಹಿಂದಿನ ಇರುಳು ನೀರು ಹೆಪ್ಪುಗಟ್ಟುವ ಚಳಿ, ಹಾರುವ ಹೊತ್ತಿಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್. ಉರಿ ಹೊತ್ತಿದಾಗ ಕೀಲು ತುಸು ಬಾಯಿ ತೆರೆಯಿತು. ಬಳೆ ಆ ಕ್ಷಣವೇ ಉಬ್ಬಿ ಸಂದಿಯನ್ನು ಮುಚ್ಚಬೇಕಾಗಿತ್ತು. ತಣ್ಣಗಾದ ರಬ್ಬರಿಗೆ ಆ ಕ್ಷಣ ಸಾಲಲಿಲ್ಲ. ತನಿಖಾ ಸಮಿತಿಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ಒಂದು ಚೂರನ್ನು ಚಿಮುಟದಲ್ಲಿ ಅದುಮಿ ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ತೆಗೆದು ಎಲ್ಲರೆದುರು ತೋರಿಸಿದರು: ಚಿಮುಟ ಸಡಿಲಿಸಿದರೂ ಚೂರು ಒಡನೆ ಮೈ ತುಂಬಿಕೊಳ್ಳಲಿಲ್ಲ.

ಬಿರುಕೇ ಇಲ್ಲದೆ, ಬರಿಯ ಬಾಗುವಿಕೆಯಿಂದಲೂ ಅನಾಹುತವಾಗಬಹುದು ಎಂಬುದಕ್ಕೆ 1991ರ ಏಪ್ರಿಲ್ 1ರ ಘಟನೆ ಸಾಕ್ಷಿ. ಅಮೆರಿಕದ ಟೈಟನ್-4 ರಾಕೆಟ್ಟಿಗಾಗಿ ಮಾಡಿದ ಹೊಸ ಘನ ಮೋಟಾರನ್ನು ಅಂದು ನೆಲದ ಮೇಲೆ ಉರಿಸಿ ನೋಡುತ್ತಿದ್ದರು. ಎರಡು ಸೆಕೆಂಡೂ ಆಗಿರಲಿಲ್ಲ, ಮೋಟಾರು ಸಿಡಿಯಿತು. ಕಾರಣ ಹುಡುಕಿದಾಗ ಕಂಡದ್ದು ಇದು: ನಡುಗೊಳವೆಯಲ್ಲಿ ಧಾವಿಸುತ್ತಿದ್ದ ಅನಿಲ ಎರಡು ತುಂಡುಗಳ ಸಂಧಿಯ ಬಳಿ ನೋದಕದ ಅಂಚನ್ನು ಒಳಕ್ಕೆ ಬಾಗಿಸಿತು. ಅಂಚು ಬಾಗಿದಷ್ಟೂ ದಾರಿ ಕಿರಿದಾಯಿತು. ದಾರಿ ಕಿರಿದಾದಷ್ಟೂ ಹಿಂದಿನ ಒತ್ತಡ ಏರಿತು. ಒತ್ತಡ ಏರಿದಷ್ಟೂ ಅಂಚು ಇನ್ನಷ್ಟು ಬಾಗಿತು. ಕಾಲುವೆಯ ಬಾಯಿಗೆ ಅಲ್ಲಿಯದೇ ದಂಡೆಯ ಮಣ್ಣು ಜಾರಿ ಅಡ್ಡವಾದ ಹಾಗೆ! ಆಮೇಲೆ ಆ ಅಂಚನ್ನು ಓರೆಯಾಗಿ ಸವರಿ ತಿದ್ದಿದರು. ರಬ್ಬರನ್ನು ತೀರ ಗಟ್ಟಿ ಮಾಡಿದರೆ ಬಿರಿಯುತ್ತದೆ, ತೀರ ಮಿದುವಾಗಿಸಿದರೆ ಹೀಗೆ ಬಾಗಿ ಕೊರಳು ಹಿಸುಕುತ್ತದೆ. ಎಂಜಿನಿಯರನ ಪಾಲಿಗೆ ಉಳಿದಿರುವುದು ಇವೆರಡರ ನಡುವಿನ ಕಿರುಹಾದಿ.

ಆ ಹಾದಿಯಲ್ಲಿ ನಡೆಯಲು ಏನೇನು ಮಾಡುತ್ತಾರೆಂಬುದನ್ನು ಚುಟುಕಾಗಿ ಹೇಳಬಹುದು. ಹರಳಿಗೂ ರಬ್ಬರಿಗೂ ನಂಟು ಬಿಗಿಯಾಗಲೆಂದು, ಒಂದು ಕೈಯಲ್ಲಿ ಹರಳನ್ನೂ ಇನ್ನೊಂದು ಕೈಯಲ್ಲಿ ರಬ್ಬರನ್ನೂ ಹಿಡಿಯುವ ಮಧ್ಯಸ್ಥ ಅಣುಗಳನ್ನು ಒಂದು ಚಿಟಿಕೆಯಷ್ಟು ಬೆರೆಸುತ್ತಾರೆ. ಬೆಲ್ಲಕ್ಕೆ ಮಳೆಗಾಲ ಹೇಗೋ ನೋದಕಕ್ಕೂ ತೇವ ಹಾಗೆ; ಹರಳಿನ ಮೈ ಕರಗಿ ಅಂಟು ಸಡಿಲುತ್ತದೆ; ಆದ್ದರಿಂದ ಗಾಳಿಯ ಪಸೆಯನ್ನು ಕಾಯಬೇಕು. ಎರೆದ ಪ್ರತಿಯೊಂದು ಪಾಕದಿಂದಲೂ ಸ್ವಲ್ಪವನ್ನು ಬೇರೆ ಪೆಟ್ಟಿಗೆಗಳಲ್ಲಿ ಎರೆದು, ಡಂಬೆಲ್ಲಿನ ಆಕಾರದ ಪಟ್ಟಿಗಳಾಗಿ ಕೊಯ್ದು, ಬೇರೆ ಬೇರೆ ಶಾಖದಲ್ಲಿ, ಬೇರೆ ಬೇರೆ ವೇಗದಲ್ಲಿ ಹರಿಯುವವರೆಗೂ ಎಳೆದು ನೋಡುತ್ತಾರೆ. ಸಾಮಾನ್ಯ ಶಾಖದಲ್ಲಿ ಒಳ್ಳೆಯ ನೋದಕದ ಪಟ್ಟಿ ಹರಿಯುವ ಮುನ್ನ ತನ್ನ ಉದ್ದದ ಮೂರನೆಯ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಿಗ್ಗಬಲ್ಲದು. ಶ್ರೀಹರಿಕೋಟೆಯಲ್ಲಿ ಎರೆದ ದೊಡ್ಡ ತುಂಡುಗಳನ್ನು ಪ್ರಬಲ ಎಕ್ಸ್‌ಕಿರಣಗಳಿಂದ ಹಾಯಿಸಿ, ಒಳಗೆ ಗುಳ್ಳೆಯೋ ಬಿರುಕೋ ಗೋಡೆಯಿಂದ ಬಿಟ್ಟ ಜಾಗವೋ ಇದೆಯೇ ಎಂದು ಹುಡುಕುತ್ತಾರೆ. ಎಕ್ಸ್‌ಕಿರಣಕ್ಕೆ ಬಿರುಕು ಕಂಡೀತು; ಮುಚ್ಚಿಕೊಂಡಿರುವ ಪೊಳ್ಳುಗಳು, ಕೈಬಿಟ್ಟು ಮತ್ತೆ ತಬ್ಬಿಕೊಂಡಂತೆ ನಟಿಸುತ್ತಿರುವ ಹರಳುಗಳು ಕಾಣುವುದು ಕಷ್ಟ. ಅಲ್ಲಿ ಪಟ್ಟಿಗಳ ಸಾಕ್ಷ್ಯವೇ ಆಧಾರ.

ವಯಸ್ಸೂ ಒಂದು ಶತ್ರು. ವರ್ಷಗಳು ಕಳೆದಂತೆ ಗಾಳಿಯ ಆಮ್ಲಜನಕ ರಬ್ಬರಿನ ಎಳೆಗಳ ನಡುವೆ ಬೇಡದ ಹೊಸ ಗಂಟುಗಳನ್ನು ಹಾಕುತ್ತದೆ. ರಬ್ಬರು ಬಿಗಿದು, ಹಿಗ್ಗುವ ಶಕ್ತಿ ಕುಂದುತ್ತದೆ. ಉಪಗ್ರಹ ಹೊತ್ತೊಯ್ಯುವ ರಾಕೆಟ್ಟುಗಳಿಗೆ ಇದು ಅಷ್ಟಾಗಿ ತಟ್ಟದು, ಅವು ಬಹುಕಾಲ ಕಾಯುವುದಿಲ್ಲ. ದಶಕಗಳ ಕಾಲ ನೆಲದೊಳಗೆ ಸಿದ್ಧವಾಗಿ ಕುಳಿತಿರುವ ಕ್ಷಿಪಣಿಗಳ ವಿಷಯ ಬೇರೆ. ಅವುಗಳಲ್ಲಿ ಕೆಲವನ್ನು ಆಗಾಗ ಹೊರತೆಗೆದು, ಕೊಯ್ದು, ಪಟ್ಟಿ ಎಳೆದು ಆಯಸ್ಸನ್ನು ಅಳೆಯುತ್ತಾರೆ.

2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತ ರಾಕೆಟ್ಟು ಏಳುವುದನ್ನು ನಮ್ಮ ಊರುಗಳಲ್ಲಿಯೂ ಜನ ಟಿ.ವಿ.ಯ ಮುಂದೆ ನಿಂತು ನೋಡಿದರು. ಅದರ ಎರಡು ಪಕ್ಕಗಳಲ್ಲಿದ್ದ ಬಿಳಿಯ ಕಂಬಗಳು ಘನ ರಾಕೆಟ್ಟುಗಳು; ಒಂದೊಂದರಲ್ಲಿಯೂ ಸುಮಾರು 200 ಟನ್ ರಬ್ಬರು-ಹರಳುಗಳ ಗಟ್ಟಿ. ದಿನಗಟ್ಟಲೆ ಮಾಗಿ, ತಣಿಯುವಾಗ ಎಳೆಸಿಕೊಂಡು, ತನ್ನ ಭಾರವನ್ನು ತಾನೇ ಹೊತ್ತು ಕಾದಿದ್ದ ಆ ಗಟ್ಟಿ ಉರಿದು ತೀರಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯಿತು. ನೋಡುವವರಿಗೆ ಕಂಡದ್ದು ಜ್ವಾಲೆ ಮತ್ತು ಬಿಳಿಯ ಹೊಗೆ. ಲೆಕ್ಕದ ಮೇಜಿನ ಮುಂದಿದ್ದವರು ಒತ್ತಡದ ಗೆರೆಯನ್ನು ನೋಡುತ್ತಿದ್ದರು. ಅದು ಮೊದಲೇ ಎಳೆದಿಟ್ಟ ಗೆರೆಯ ಮೇಲೆಯೇ ಸಾಗುತ್ತಿತ್ತು.